ಕಣ್ಣು ನಿಂತಲ್ಲಿ ಕಾರಣ

ಒಬ್ಬ ವ್ಯಕ್ತಿಯ ನಡತೆಗೆ ಕಾರಣ ಹುಡುಕಹೊರಟ ಮನಸ್ಸಿಗೆ ಎರಡು ದಾರಿಗಳಿವೆ: ಒಂದು ಆತನ ಸ್ವಭಾವ, ಇನ್ನೊಂದು ಆತ ಸಿಕ್ಕಿಕೊಂಡ ಸಂದರ್ಭ. ಕಚೇರಿಗೆ ತಡವಾಗಿ ಬಂದ ಗುಮಾಸ್ತ ಮೈಗಳ್ಳನೆನಿಸಬಹುದು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತೆಂದು ತಿಳಿದರೆ ಅವನ ಮೇಲೆ ಮರುಕವೂ ಹುಟ್ಟಬಹುದು. ಇವೆರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದು ತಮ್ಮ ವಿವೇಚನೆಗೆ ಬಿಟ್ಟದ್ದೆಂದು ಜನರು ನಂಬಿರುತ್ತಾರಾದರೂ, ವಿವೇಚನೆ ಶುರುವಾಗುವ ಹೊತ್ತಿಗೆ ಕಣ್ಣು ಎಷ್ಟೋ ಸಲ ಅರ್ಧ ತೀರ್ಪನ್ನು ಬರೆದು ಮುಗಿಸಿರುತ್ತದೆ. ಕಾರಣವನ್ನು ಹೀಗೆ ಯಾವುದಾದರೊಂದರ ಮೇಲೆ ಹೊರಿಸುವ ಮನೋವ್ಯಾಪಾರವನ್ನು ಸಾಮಾಜಿಕ ಮನೋವಿಜ್ಞಾನದಲ್ಲಿ ಕಾರಣಾರೋಪಣೆ ಎಂದು ಕರೆಯಬಹುದು.

ಇದರ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫ್ರಿಟ್ಜ್ ಹೈಡರ್. ಅವರು ಮೇರಿಯಾನ್ ಸಿಮ್ಮೆಲ್ ಅವರೊಡನೆ 1944ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿನಿಯರಿಗೆ ತೋರಿಸಿದ ಪುಟ್ಟ ಚಲನಚಿತ್ರದಲ್ಲಿ ಇದ್ದುದು ದೊಡ್ಡದೊಂದು ತ್ರಿಕೋನ, ಸಣ್ಣದೊಂದು ತ್ರಿಕೋನ, ಒಂದು ವೃತ್ತ ಮತ್ತು ಬಾಗಿಲಿನಂತೆ ತೆರೆದು ಮುಚ್ಚುವ ಅಂಚುಳ್ಳ ಒಂದು ಆಯತ, ಇಷ್ಟೇ. ಕಂಡದ್ದನ್ನು ಬರೆಯಿರೆಂದಾಗ, ಮೊದಲ ಗುಂಪಿನಲ್ಲಿ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲರೂ ಆ ಆಕೃತಿಗಳಿಗೆ ಜೀವ ತುಂಬಿಯೇ ಬರೆದರು. ಹಲವರಿಗೆ ದೊಡ್ಡ ತ್ರಿಕೋನ ಜಗಳಗಂಟನಾಗಿಯೂ ವೃತ್ತ ಹೆದರಿ ಅಡಗಿದ ಹೆಣ್ಣಾಗಿಯೂ ಕಂಡವು. ಕಾಗದದ ಆಕೃತಿಗೂ ಸ್ವಭಾವ ಕಟ್ಟಿಕೊಡುವ ಕಣ್ಣು ಎದುರಿಗಿರುವ ಮನುಷ್ಯನನ್ನು ಬಿಟ್ಟೀತೆ? ವ್ಯಕ್ತಿಯ ವರ್ತನೆ ನೋಡುವವರ ದೃಷ್ಟಿಯನ್ನೆಲ್ಲ ಆವರಿಸಿಕೊಂಡು ಸುತ್ತಲಿನ ಪರಿಸ್ಥಿತಿಯನ್ನು ಮರೆಮಾಡುತ್ತದೆಂಬ ಅಭಿಪ್ರಾಯವನ್ನು ಹೈಡರ್ 1958ರ ತಮ್ಮ ಗ್ರಂಥದಲ್ಲಿ ಮಂಡಿಸಿದರು.

ಪರಿಸ್ಥಿತಿ ಏನೆಂದು ಮೊದಲೇ ತಿಳಿಸಿದರೂ ಈ ಒಲವು ಹೋಗುವುದಿಲ್ಲ. ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ 1967ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯೂಬಾದ ಫಿಡೆಲ್ ಕ್ಯಾಸ್ಟ್ರೋ ಪರವಾದ ಪ್ರಬಂಧವನ್ನು ಬರೆದವನಿಗೆ ಆಯ್ಕೆಯೇ ಇರಲಿಲ್ಲ, ಹಾಗೆ ಬರೆಯಬೇಕೆಂದು ವಿಧಿಸಲಾಗಿತ್ತು ಎಂದು ಸ್ಪಷ್ಟವಾಗಿ ಹೇಳಿದ ಮೇಲೂ ಓದುಗರು ಅವನಲ್ಲಿ ಕ್ಯಾಸ್ಟ್ರೋ ಬಗ್ಗೆ ಒಲವಿದೆಯೆಂದೇ ಎಣಿಸಿದರು. ಇಂಥ ತಪ್ಪಿಗೆ ಲೀ ರಾಸ್ 1977ರಲ್ಲಿ ಕಾರಣಾರೋಪಣೆಯ ಮೂಲದೋಷ ಎಂಬರ್ಥದ ಹೆಸರು ಕೊಟ್ಟರು.

ಇಲ್ಲಿ ದೃಷ್ಟಿ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬಹುದೆಂದು ತೋರಿಸಿದ ಪ್ರಯೋಗ 1975ರದು. ಶೆಲ್ಲಿ ಟೇಲರ್ ಮತ್ತು ಸೂಸನ್ ಫಿಸ್ಕ್ ಇಬ್ಬರನ್ನು ಎದುರುಬದುರಾಗಿ ಕೂರಿಸಿ ಮಾತಾಡಿಸಿ, ನೋಡುವವರನ್ನು ಸುತ್ತ ಬೇರೆಬೇರೆ ಕಡೆ ಕೂರಿಸಿದರು. ಎಲ್ಲರ ಕಿವಿಗೂ ಬಿದ್ದುದು ಅದೇ ಸಂಭಾಷಣೆಯಾದರೂ, ಒಬ್ಬನ ಮುಖಕ್ಕೆ ನೇರವಾಗಿ ಕುಳಿತವರು ಮಾತಿನ ದಿಕ್ಕನ್ನು ನಿರ್ಧರಿಸಿದವನು ಅವನೇ ಎಂದರು. ಬದಿಯಿಂದ ಇಬ್ಬರನ್ನೂ ಸಮನಾಗಿ ಕಂಡವರು ಇಬ್ಬರಿಗೂ ಸಮಪಾಲು ಕೊಟ್ಟರು. ಕುರ್ಚಿಯ ಜಾಗ ಬದಲಾದಷ್ಟಕ್ಕೇ ಕಾರಣಕರ್ತ ಬದಲಾದ.

ಈ ಸಂಗತಿ ಪ್ರಯೋಗಶಾಲೆಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಪೊಲೀಸ್ ವಿಚಾರಣೆಯ ವಿಡಿಯೊ ಚಿತ್ರೀಕರಣವನ್ನು ಡೇನಿಯಲ್ ಲ್ಯಾಸಿಟರ್ ಮತ್ತು ಸಂಗಡಿಗರು 1980ರ ದಶಕದಿಂದ ಪರೀಕ್ಷಿಸುತ್ತ ಬಂದಾಗ, ಕ್ಯಾಮೆರಾ ಶಂಕಿತನ ಮುಖವನ್ನಷ್ಟೇ ತುಂಬಿಕೊಂಡಿದ್ದರೆ ನೋಡುವವರಿಗೆ ಆತನ ತಪ್ಪೊಪ್ಪಿಗೆ ಸ್ವಇಚ್ಛೆಯದಾಗಿ ತೋರುತ್ತದೆಂಬುದೂ, ಪ್ರಶ್ನೆ ಕೇಳುವ ಅಧಿಕಾರಿಯೂ ಚೌಕಟ್ಟಿನಲ್ಲಿ ಸಮನಾಗಿ ಕಂಡರೆ ಈ ಅನಿಸಿಕೆ ತಗ್ಗುತ್ತದೆಂಬುದೂ ತಿಳಿದುಬಂದವು. ಒತ್ತಡ ಹೇರುವವನೇ ಚೌಕಟ್ಟಿನಾಚೆ ಉಳಿದರೆ ಒತ್ತಡ ಕಾಣುವ ಬಗೆಯಾದರೂ ಹೇಗೆ? ಅನುಭವಿ ನ್ಯಾಯಾಧೀಶರೂ ಪೊಲೀಸ್ ಅಧಿಕಾರಿಗಳೂ ಇದಕ್ಕೆ ಹೊರತಾಗಿರಲಿಲ್ಲವೆಂಬುದು ಹೆಚ್ಚು ಕಳವಳಕಾರಿ. ಭಾರತದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲು ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲವಾದ್ದರಿಂದ ಈ ಅಪಾಯ ಇಲ್ಲಿ ಅದೇ ರೂಪದಲ್ಲಿಲ್ಲ. ಆದರೂ ಠಾಣೆಗಳಲ್ಲೆಲ್ಲ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿರುವಾಗ, ಕ್ಯಾಮೆರಾ ಇದೆಯೇ ಎಂಬಷ್ಟೇ ಮುಖ್ಯವಾಗಿ ಅದು ಯಾರ ಕಡೆ ಮುಖ ಮಾಡಿದೆ ಎಂದೂ ಕೇಳಬೇಕಾಗುತ್ತದೆ.

ಮೇಲೆ ಹೇಳಿದ ಪ್ರಯೋಗಗಳೆಲ್ಲ ಅಮೆರಿಕದವು. ಈ ಒಲವು ಮನುಷ್ಯಮಾತ್ರರಿಗೆಲ್ಲ ಒಂದೇ ಪ್ರಮಾಣದಲ್ಲಿದೆಯೇ ಎಂಬ ಪ್ರಶ್ನೆಗೆ ಉತ್ತರದ ಬಹುಮುಖ್ಯ ಭಾಗ ಸಿಕ್ಕಿದ್ದು ಮೈಸೂರಿನಲ್ಲಿ. ಜೋನ್ ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕಾಗೊದ ಅಮೆರಿಕನ್ನರನ್ನೂ ಮೈಸೂರಿನ ಹಿಂದೂಗಳನ್ನೂ, ವಯಸ್ಕರು, ಮಕ್ಕಳು ಎರಡೂ ವರ್ಗದವರನ್ನು, ತಮಗೆ ಪರಿಚಿತರಾದವರ ಒಳ್ಳೆಯ ಹಾಗೂ ಕೆಟ್ಟ ನಡತೆಗಳನ್ನು ಹೇಳಿ ಅವಕ್ಕೆ ಕಾರಣ ಕೊಡುವಂತೆ ಕೇಳಲಾಗಿತ್ತು. ವಯಸ್ಕರಲ್ಲಿ ಅಮೆರಿಕನ್ನರು ಸ್ವಭಾವದ ಕಡೆಗೂ ಮೈಸೂರಿನವರು ಸಂದರ್ಭ, ಸಂಬಂಧ, ಕರ್ತವ್ಯಗಳ ಕಡೆಗೂ ವಾಲಿದರು; ಕೆಟ್ಟ ನಡತೆಯನ್ನು ವಿವರಿಸುವಾಗ ಅಂತರ ಇನ್ನಷ್ಟು ದೊಡ್ಡದಾಯಿತು.

ಅಲ್ಲಿ ಬರುವ ಒಂದು ಪ್ರಸಂಗ ಗಮನಾರ್ಹ. ಮೋಟಾರ್‌ಸೈಕಲ್ಲಿನ ಚಕ್ರ ಒಡೆದು ಹಿಂದೆ ಕುಳಿತವನು ಬಿದ್ದು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾನೆ, ವಾಹನ ಓಡಿಸುತ್ತಿದ್ದ ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸಿ, ಗಾಯ ಎಷ್ಟು ಗಂಭೀರವೆಂದು ವೈದ್ಯರನ್ನು ವಿಚಾರಿಸದೆ ನ್ಯಾಯಾಲಯಕ್ಕೆ ಹೊರಟುಹೋಗುತ್ತಾನೆ, ಗಾಯಾಳು ಸಾಯುತ್ತಾನೆ. ಇದನ್ನು ಹೇಳಿದ ಮೈಸೂರಿನವರೊಬ್ಬರು, ಕಕ್ಷಿದಾರನ ಪರ ಹಾಜರಾಗುವುದು ವಕೀಲನ ಕರ್ತವ್ಯವಾಗಿತ್ತು, ಆತ ಗಾಬರಿಗೊಂಡಿರಬಹುದು, ಗಾಯ ಅಷ್ಟು ಗಂಭೀರವೆಂದು ತೋರದಿರಬಹುದು ಎಂದು ವಿವರಿಸಿದರೆ, ಇದೇ ಪ್ರಸಂಗವನ್ನು ಮುಂದಿಟ್ಟಾಗ ಅಮೆರಿಕನ್ನರು ಬೇಜವಾಬ್ದಾರಿ, ವೃತ್ತಿಯ ದುರಾಸೆ ಎಂಬ ಗುಣಗಳನ್ನು ಎತ್ತಿ ಆಡಿದರು. ಇದರಿಂದ ಮೈಸೂರಿನ ನೋಟವೇ ಹೆಚ್ಚು ನ್ಯಾಯವಾದದ್ದೆಂದು ಬೀಗುವಂತಿಲ್ಲ. ಸಂದರ್ಭಗಳನ್ನು ಒಂದರ ಮೇಲೊಂದು ಪೇರಿಸಿದ ಆ ವಿವರಣೆಯಲ್ಲಿ, ಹೊರಡುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಬೇಕಿತ್ತಲ್ಲವೇ ಎಂಬ ಪ್ರಶ್ನೆ ಮರೆಗೆ ಸರಿಯುತ್ತದೆ. ಇನ್ನು ಮಕ್ಕಳ ವಿಷಯಕ್ಕೆ ಬಂದರೆ, ಎರಡೂ ನಗರಗಳ ಎಂಟು ವರ್ಷದವರ ಉತ್ತರಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವಯಸ್ಸು ಏರಿದಂತೆ ಶಿಕಾಗೊದವರು ಸ್ವಭಾವದ ಮಾತನ್ನೂ ಮೈಸೂರಿನವರು ಸಂದರ್ಭದ ಮಾತನ್ನೂ ಹೆಚ್ಚಿಸುತ್ತ ಹೋಗಿದ್ದರು.