ಅನ್ಯ ಸೂರ್ಯರು, ಅನ್ಯ ಲೋಕಗಳು

ಕಾರ್ತಿಕ ಮಾಸದ ನಿರ್ಮಲ ರಾತ್ರಿಯಲ್ಲಿ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವ ಯಾರಿಗಾದರೂ ಒಂದು ಪ್ರಶ್ನೆ ಸಹಜವಾಗಿಯೇ ಮೂಡುತ್ತದೆ. ಈ ಚುಕ್ಕೆಗಳೆಲ್ಲವೂ ನಮ್ಮ ಸೂರ್ಯನಂತೆಯೇ ಉರಿಯುವ ಸೂರ್ಯರಾದರೆ ಅವುಗಳ ಸುತ್ತಲೂ ಭೂಮಿಗಳಿರಬೇಕಲ್ಲವೆ? ಇದ್ದರೆ ಅಲ್ಲಿ ನೀರಿದೆಯೆ, ಹಸಿರಿದೆಯೆ, ಉಸಿರಿದೆಯೆ?

ಇಟಲಿಯ ತತ್ತ್ವಜ್ಞಾನಿ ಜೋರ್ಡಾನೋ ಬ್ರೂನೋ ಈ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಿದನು. ನಕ್ಷತ್ರಗಳು ಸೂರ್ಯರೇ, ಅವುಗಳ ಸುತ್ತ ಅಸಂಖ್ಯ ಲೋಕಗಳುಂಟು ಎಂದು ಅವನು ೧೫೮೪ರಲ್ಲಿ ಬರೆದನು. ೧೬೦೦ರ ಫೆಬ್ರುವರಿಯಲ್ಲಿ ರೋಮ್ ನಗರದಲ್ಲಿ ಅವನನ್ನು ಜೀವಂತವಾಗಿ ಸುಟ್ಟರು. ಅವನ ಮೇಲೆ ಹೊರಿಸಲಾದ ಆಪಾದನೆಗಳು ಹಲವು. ಅನೇಕ ಲೋಕಗಳಿವೆಯೆಂಬ ಮಾತೂ ಅವುಗಳಲ್ಲೊಂದು. ಆದರೆ ಬ್ರೂನೋನ ಬಳಿ ಇದ್ದುದು ತರ್ಕ ಮಾತ್ರ, ಸಾಕ್ಷ್ಯವಿರಲಿಲ್ಲ. ಸಾಕ್ಷ್ಯ ದೊರೆಯಲು ಮತ್ತೆ ನಾಲ್ಕು ಶತಮಾನಗಳು ಬೇಕಾದವು. ಅದನ್ನು ವಿಜ್ಞಾನಿಗಳು ಹೇಗೆ ಪಡೆದರು, ಹಾದಿಯಲ್ಲಿ ಎಲ್ಲೆಲ್ಲಿ ಎಡವಿದರು, ಎಡವಿದಾಗ ಹೇಗೆ ನಡೆದುಕೊಂಡರು ಎಂಬುದನ್ನು ಅರಿತರೆ, ‘ಅನ್ಯಲೋಕದಲ್ಲಿ ಜೀವ ಪತ್ತೆ’ ಎಂಬ ಸುದ್ದಿ ಮನೆಗೆ ಬಂದಾಗ ಅದನ್ನು ಹೇಗೆ ತೂಗಿ ನೋಡಬೇಕೆಂಬುದು ನಮಗೂ ತಿಳಿಯುತ್ತದೆ.

ಕಾಣದ್ದನ್ನು ಕಾಣುವ ಬಗೆ

ಗ್ರಹಗಳಿಗೆ ಸ್ವಂತ ಬೆಳಕಿಲ್ಲ. ದೂರದಿಂದ ನೋಡುವವನಿಗೆ ನಮ್ಮ ಸೂರ್ಯನು ಭೂಮಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಪ್ರಕಾಶಮಾನನಾಗಿ ಕಾಣುತ್ತಾನೆ. ಜಾತ್ರೆಯ ಬಯಲಿನಲ್ಲಿ ಉರಿಯುವ ಗ್ಯಾಸ್‌ಲೈಟಿನ ಪಕ್ಕದಲ್ಲಿ ಹಾರುವ ಮಿಂಚುಹುಳುವನ್ನು ಹತ್ತಾರು ಹರಿದಾರಿ ದೂರದಿಂದ ಗುರುತಿಸುವುದು ಹೇಗೋ ಹಾಗೆ ಈ ಕಾರ್ಯ. ಆದಕಾರಣ ವಿಜ್ಞಾನಿಗಳು ಗ್ರಹವನ್ನು ನೋಡುವ ಬದಲು ಅದು ತನ್ನ ನಕ್ಷತ್ರದ ಮೇಲೆ ಮಾಡುವ ಪರಿಣಾಮವನ್ನು ನೋಡುತ್ತಾರೆ. ಇದಕ್ಕೆ ಮುಖ್ಯವಾಗಿ ಎರಡು ಮಾರ್ಗಗಳಿವೆ.

ಮೊದಲನೆಯದು ನಕ್ಷತ್ರದ ಓಲಾಟ. ದೊಡ್ಡವರೊಬ್ಬರು ಮಗುವಿನ ಕೈಗಳನ್ನು ಹಿಡಿದು ಗಿರಗಿರನೆ ತಿರುಗಿಸುವಾಗ ಮಗು ದೊಡ್ಡ ವೃತ್ತದಲ್ಲಿ ಸುತ್ತುತ್ತದೆ. ತಿರುಗಿಸುವವರೂ ತಾವು ನಿಂತಲ್ಲಿಯೇ ಚಿಕ್ಕ ವೃತ್ತವೊಂದರಲ್ಲಿ ಓಲಾಡುತ್ತಾರೆ. ಗ್ರಹವು ಸುತ್ತುವಾಗ ನಕ್ಷತ್ರವೂ ಹೀಗೆಯೇ ಓಲಾಡುತ್ತದೆ. ರೈಲು ನಮ್ಮತ್ತ ಬರುವಾಗ ಅದರ ಸಿಳ್ಳು ಏರುಸ್ವರದಲ್ಲಿಯೂ ದೂರ ಸರಿಯುವಾಗ ಇಳಿಸ್ವರದಲ್ಲಿಯೂ ಕೇಳುವಂತೆ, ನಕ್ಷತ್ರದ ಬೆಳಕಿನ ರೋಹಿತವು ಒಮ್ಮೆ ನೀಲಿಯತ್ತ, ಒಮ್ಮೆ ಕೆಂಪಿನತ್ತ ಸರಿಯುತ್ತದೆ. ಈ ಸರಿತವನ್ನು ಅಳೆದರೆ ಗ್ರಹದ ತೂಕದ ಅಂದಾಜು ಸಿಗುತ್ತದೆ. ಗುರುಗ್ರಹದಿಂದಾಗಿ ನಮ್ಮ ಸೂರ್ಯನು ಓಲಾಡುವ ವೇಗ ಸೆಕೆಂಡಿಗೆ ಸುಮಾರು ಹನ್ನೆರಡೂವರೆ ಮೀಟರು. ಭೂಮಿಯಿಂದ ಉಂಟಾಗುವುದು ಕೇವಲ ೯ ಸೆಂಟಿಮೀಟರು.

ಎರಡನೆಯದು ಸಂಕ್ರಮ. ೨೦೦೪ರ ಜೂನ್ ೮ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಕರಿಯ ಬೊಟ್ಟಿನಂತೆ ಹಾದುಹೋದುದನ್ನು ನಮ್ಮ ನಾಡಿನಲ್ಲಿಯೂ ಅನೇಕರು ಕಂಡಿದ್ದಾರೆ. ಅನ್ಯ ನಕ್ಷತ್ರದ ಗ್ರಹವೂ ಹೀಗೆ ನಮಗೂ ಅದಕ್ಕೂ ನಡುವೆ ಹಾದುಹೋದರೆ ಆ ನಕ್ಷತ್ರದ ಬೆಳಕು ತುಸು ಕುಂದುತ್ತದೆ. ಗುರುವಿನಷ್ಟು ದೊಡ್ಡ ಗ್ರಹವಾದರೆ ನೂರರಲ್ಲಿ ಒಂದು ಪಾಲು. ಭೂಮಿಯಷ್ಟು ಚಿಕ್ಕದಾದರೆ ಸುಮಾರು ಹನ್ನೆರಡು ಸಾವಿರದಲ್ಲಿ ಒಂದು ಪಾಲು. ಇದರಿಂದ ಗ್ರಹದ ಗಾತ್ರ ತಿಳಿಯುತ್ತದೆ. ತೂಕವೂ ಗಾತ್ರವೂ ಎರಡೂ ತಿಳಿದರೆ ಅದು ಕಲ್ಲಿನ ಗೋಳವೋ, ಅನಿಲದ ಗೋಳವೋ ಎಂಬುದನ್ನು ಲೆಕ್ಕ ಹಾಕಬಹುದು.

ಎಡವಿದ ಹೆಜ್ಜೆಗಳು

ಅಳತೆ ಇಷ್ಟು ಸೂಕ್ಷ್ಮವಾಗಿರುವಲ್ಲಿ ಭ್ರಮೆಗೆ ಅವಕಾಶ ಹೆಚ್ಚು. ಸ್ವಾರಸ್ಯದ ಸಂಗತಿಯೆಂದರೆ, ಅನ್ಯ ನಕ್ಷತ್ರಕ್ಕೆ ಗ್ರಹವಿದೆಯೆಂಬ ಆರಂಭಿಕ ಘೋಷಣೆಗಳಲ್ಲೊಂದು ಹೊರಟದ್ದು ನಮ್ಮ ದೇಶದಿಂದಲೇ. ಮದರಾಸು ವೀಕ್ಷಣಾಲಯದ ನಿರ್ದೇಶಕರಾಗಿದ್ದ ಕ್ಯಾಪ್ಟನ್ ಡಬ್ಲ್ಯೂ. ಎಸ್. ಜೇಕಬ್ ಅವರು ಉರಗಧರ ನಕ್ಷತ್ರಪುಂಜದ ‘೭೦ ಉರಗಧರ’ ಎಂಬ ಜೋಡಿ ನಕ್ಷತ್ರದ ಚಲನೆಯಲ್ಲಿ ವ್ಯತ್ಯಾಸವನ್ನು ಕಂಡು, ಅದಕ್ಕೆ ಕಾಣದ ಗ್ರಹವೊಂದು ಕಾರಣವಿರಬಹುದೆಂದು ೧೮೫೫ರಲ್ಲಿ ಪ್ರಕಟಿಸಿದರು. ಮುಂದಿನ ಪರೀಕ್ಷೆಗಳಲ್ಲಿ ಆ ಮಾತು ನಿಲ್ಲಲಿಲ್ಲ.

ಅದೇ ಉರಗಧರ ಪುಂಜದಲ್ಲಿ ಬರ್ನಾರ್ಡ್ ನಕ್ಷತ್ರವಿದೆ. ಅಮೆರಿಕದ ಪೀಟರ್ ವಾನ್ ಡಿ ಕಾಂಪ್ ಅವರು ದಶಕಗಳ ಛಾಯಾಚಿತ್ರಗಳನ್ನು ಅಳೆದು, ಅದಕ್ಕೊಂದು ಗ್ರಹವಿದೆಯೆಂದು ೧೯೬೩ರಲ್ಲಿ ಸಾರಿದರು. ಹತ್ತು ವರ್ಷಗಳ ತರುವಾಯ ಇತರರು ಪರೀಕ್ಷಿಸಿದಾಗ ಆ ಓಲಾಟ ನಕ್ಷತ್ರದ್ದಲ್ಲ, ದೂರದರ್ಶಕದ್ದೇ ಎಂಬುದು ಬೆಳಕಿಗೆ ಬಂದಿತು. ಮಸೂರವನ್ನು ಸರಿಪಡಿಸಿದಾಗಲೆಲ್ಲ ನಕ್ಷತ್ರಗಳು ‘ಜಿಗಿದಿದ್ದವು’. ವಾನ್ ಡಿ ಕಾಂಪ್ ಅವರು ೧೯೯೫ರ ಮೇ ತಿಂಗಳಲ್ಲಿ ಕಾಲವಶರಾಗುವವರೆಗೂ ಇದನ್ನು ಒಪ್ಪಲಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪ್ರಸಂಗವನ್ನು ನೆನೆಯಬೇಕು. ಬ್ರಿಟನ್ನಿನ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರವೊಂದರ ಸುತ್ತ ಗ್ರಹವಿದೆಯೆಂದು ೧೯೯೧ರಲ್ಲಿ ಪ್ರಕಟಿಸಿದರು. ಜಗತ್ತೇ ಕೊಂಡಾಡಿತು. ಆದರೆ ಮರುಲೆಕ್ಕ ಹಾಕಿದಾಗ, ನಮ್ಮ ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ, ದೀರ್ಘವೃತ್ತ ಎಂಬುದನ್ನು ತಮ್ಮ ಗಣಿತ ಸರಿಯಾಗಿ ಪರಿಗಣಿಸಿಲ್ಲವೆಂದು ಲೈನ್ ಅವರಿಗೇ ಹೊಳೆಯಿತು. ೧೯೯೨ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ನೆರೆದ ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಅವರು ಎದ್ದು ನಿಂತು, ತಾವು ಘೋಷಿಸಿದ ಗ್ರಹ ಇಲ್ಲವೆಂದು ತಿಳಿಸಿದರು. ಸಭೆಯು ಎದ್ದು ನಿಂತು ಕರತಾಡನ ಮಾಡಿತು. ಗೆದ್ದವರನ್ನು ಲೋಕವು ಸದಾ ಗೌರವಿಸುತ್ತದೆ. ಸತ್ಯಕ್ಕಾಗಿ ತನ್ನ ಗೆಲುವನ್ನೇ ಬಿಟ್ಟುಕೊಟ್ಟವನನ್ನು ಗೌರವಿಸಿದ ಸಭೆಗಳು ವಿರಳ.

ಬಾಗಿಲು ತೆರೆದ ವರ್ಷಗಳು

ಅದೇ ಸಭೆಯಲ್ಲಿ ಲೈನ್ ಅವರ ನಂತರ ಮಾತನಾಡಿದವರು ಅಲೆಕ್ಸಾಂಡರ್ ವೋಲ್‌ಶ್ಚಾನ್. ಅವರೂ ಡೇಲ್ ಫ್ರೇಲ್ ಅವರೂ ಪೋರ್ಟೋ ರಿಕೋದ ಅರೆಸಿಬೋ ರೇಡಿಯೋ ದೂರದರ್ಶಕದಿಂದ ಇನ್ನೊಂದು ಪಲ್ಸಾರಿನ ಸುತ್ತ ಎರಡು ಗ್ರಹಗಳನ್ನು ಕಂಡಿದ್ದರು. ಈ ಶೋಧವು ಎಲ್ಲ ಪರೀಕ್ಷೆಗಳನ್ನೂ ದಾಟಿ ಉಳಿಯಿತು. ಆದರೆ ಪಲ್ಸಾರ್ ಎಂಬುದು ಸತ್ತ ನಕ್ಷತ್ರದ ಅವಶೇಷ. ಅಲ್ಲಿ ಜೀವದ ಆಸೆಯಿಲ್ಲ.

ನಮ್ಮ ಸೂರ್ಯನಂಥ ನಕ್ಷತ್ರಕ್ಕೆ ಗ್ರಹವಿದೆಯೆಂಬುದನ್ನು ೧೯೯೫ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಿಶೆಲ್ ಮೇಯರ್ ಮತ್ತು ಅವರ ಶಿಷ್ಯ ದಿದಿಯೇ ಕ್ಲೋಜ್ ಪ್ರಕಟಿಸಿದರು. ಆ ನಕ್ಷತ್ರದ ಹೆಸರು ‘೫೧ ಪೆಗಾಸಿ’. ನಮ್ಮ ಪಂಚಾಂಗಗಳ ಪೂರ್ವಾಭಾದ್ರದ ಎರಡು ತಾರೆಗಳ ಸಮೀಪದಲ್ಲಿಯೇ, ಸುಮಾರು ೫೦ ಜ್ಯೋತಿರ್ವರ್ಷ ದೂರದಲ್ಲಿದೆ. ಗ್ರಹವು ಗುರುವಿನ ಅರ್ಧದಷ್ಟು ತೂಕದ್ದು. ಗುರುವಿಗೆ ಒಂದು ಸುತ್ತಿಗೆ ಸುಮಾರು ೧೨ ವರ್ಷಗಳಾದರೆ ಇದಕ್ಕೆ ನಾಲ್ಕು ದಿನಗಳಿಗಿಂತ ತುಸು ಹೆಚ್ಚು! ಇಂಥ ಗ್ರಹವಿರಬಹುದೆಂದು ಹೆಚ್ಚಿನವರು ಎಣಿಸಿರಲಿಲ್ಲ. ಆದರೆ ಬೇರೆ ವೀಕ್ಷಣಾಲಯದವರೂ ಕೆಲವೇ ದಿನಗಳಲ್ಲಿ ಅದನ್ನು ಕಂಡರು. ೨೦೧೯ರಲ್ಲಿ ಗುರುಶಿಷ್ಯರಿಬ್ಬರೂ ಭೌತವಿಜ್ಞಾನದ ನೊಬೆಲ್ ಪುರಸ್ಕಾರದ ಅರ್ಧಭಾಗವನ್ನು ಹಂಚಿಕೊಂಡರು.

ಆರು ಸಾವಿರ ಲೋಕಗಳು

ಬಾಗಿಲು ತೆರೆದ ಮೇಲೆ ಗ್ರಹಗಳು ಸಾಲುಸಾಲಾಗಿ ದೊರೆತವು. ೨೦೦೯ರಲ್ಲಿ ಹಾರಿದ ಕೆಪ್ಲರ್ ಅಂತರಿಕ್ಷ ದೂರದರ್ಶಕವು ಸುಮಾರು ಒಂದೂವರೆ ಲಕ್ಷ ನಕ್ಷತ್ರಗಳನ್ನು ಎಡೆಬಿಡದೆ ದಿಟ್ಟಿಸಿ, ೨೦೧೮ರಲ್ಲಿ ಇಂಧನ ತೀರುವ ಹೊತ್ತಿಗೆ ಎರಡು ಸಾವಿರದ ಆರುನೂರಕ್ಕೂ ಹೆಚ್ಚು ಗ್ರಹಗಳನ್ನು ಕೊಟ್ಟಿತು. ದೃಢಪಟ್ಟ ಅನ್ಯಗ್ರಹಗಳ ಸಂಖ್ಯೆ ೨೦೨೫ರಲ್ಲಿ ಆರು ಸಾವಿರವನ್ನು ಮುಟ್ಟಿತು. ಇವುಗಳಲ್ಲಿ ಬಹುಸಂಖ್ಯೆಯವು ಭೂಮಿಗಿಂತ ದೊಡ್ಡವು, ನೆಪ್ಚೂನಿಗಿಂತ ಚಿಕ್ಕವು. ನಮ್ಮ ಸೌರವ್ಯೂಹದಲ್ಲಿ ಆ ಜಾತಿಯ ಗ್ರಹ ಒಂದೂ ಇಲ್ಲ. ವಾನ್ ಡಿ ಕಾಂಪ್ ಅವರನ್ನು ವಂಚಿಸಿದ ಬರ್ನಾರ್ಡ್ ನಕ್ಷತ್ರಕ್ಕೂ ೨೦೨೪ರಲ್ಲಿ ಚಿಕ್ಕ ಗ್ರಹವೊಂದು ಸಿಕ್ಕಿತು. ಅವರು ಹೇಳಿದ ಗ್ರಹವೇ ಬೇರೆ, ಸಿಕ್ಕಿದ ಗ್ರಹವೇ ಬೇರೆ.

ಸುಮಾರು ೪೦ ಜ್ಯೋತಿರ್ವರ್ಷ ದೂರದ ‘ಟ್ರಾಪಿಸ್ಟ್-೧’ ಎಂಬ ಮಂದ ಕೆಂಪು ನಕ್ಷತ್ರದ ಸುತ್ತ ಭೂಮಿಯ ಗಾತ್ರದ ಏಳು ಗ್ರಹಗಳಿರುವುದು ೨೦೧೭ರಲ್ಲಿ ತಿಳಿಯಿತು. ಅದರ ಮೊದಲ ಗ್ರಹಗಳನ್ನು ೨೦೧೬ರಲ್ಲಿ ಪತ್ತೆ ಮಾಡಿದ ತಂಡಕ್ಕೆ ನೆರವಾದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ಹಿಮಾಲಯನ್ ಚಂದ್ರ ದೂರದರ್ಶಕವೂ ಒಂದು. ಅದನ್ನು ನಡೆಸುವುದು ಬೆಂಗಳೂರಿನ ಸಮೀಪದ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಈ ಕೇಂದ್ರವು ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ್ದು. ಆ ಸಂಸ್ಥೆಯು ತನ್ನ ಮೂಲವನ್ನು ಗುರುತಿಸುವುದು ಜೇಕಬ್ ಅವರು ಕೆಲಸ ಮಾಡಿದ ಅದೇ ಮದರಾಸು ವೀಕ್ಷಣಾಲಯದಲ್ಲಿ. ೧೮೫೫ರಲ್ಲಿ ತಪ್ಪಿದ ಗುರಿಯನ್ನು ಅದೇ ಪರಂಪರೆಯು ಒಂದೂವರೆ ಶತಮಾನದ ಮೇಲೆ ಮುಟ್ಟಿತೆನ್ನಬಹುದು.

ಉಸಿರಿನ ಗುರುತು

ಗ್ರಹವಿರುವುದು ಬೇರೆ, ಅಲ್ಲಿ ಜೀವವಿರುವುದು ಬೇರೆ. ನೀರು ದ್ರವವಾಗಿ ನಿಲ್ಲುವಷ್ಟು ಹದವಾದ ಶಾಖವಿರುವ ಅಂತರವನ್ನು ‘ವಾಸಯೋಗ್ಯ ವಲಯ’ವೆನ್ನುತ್ತಾರೆ. ಹೆಸರನ್ನು ಕೇಳಿ ಮೋಸಹೋಗಬಾರದು. ಆ ವಲಯದಲ್ಲಿರುವ ಗ್ರಹಕ್ಕೆ ಗಾಳಿಯೇ ಇಲ್ಲದಿರಬಹುದು. ನಮಗೆ ಅತಿ ಸಮೀಪದ ನಕ್ಷತ್ರ ಪ್ರಾಕ್ಸಿಮಾಕ್ಕೂ ಆ ವಲಯದಲ್ಲಿ ಒಂದು ಗ್ರಹವಿದೆಯೆಂದು ೨೦೧೬ರಲ್ಲಿ ತಿಳಿಯಿತು. ದೂರ ಕೇವಲ ೪.೨ ಜ್ಯೋತಿರ್ವರ್ಷ. ಆದರೆ ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರು ಓಡುವ ವಾಯೇಜರ್ ನೌಕೆಗೂ ಅಷ್ಟು ದೂರ ಕ್ರಮಿಸಲು ಎಪ್ಪತ್ತು ಸಾವಿರ ವರ್ಷಗಳಿಗೂ ಹೆಚ್ಚು ಬೇಕು. ಹೋಗಿ ನೋಡುವ ಮಾತಿಲ್ಲ, ಬೆಳಕನ್ನೇ ಓದಬೇಕು.

ಗ್ರಹವು ನಕ್ಷತ್ರದ ಮುಂದೆ ಹಾದುಹೋಗುವಾಗ ನಕ್ಷತ್ರದ ಬೆಳಕಿನ ಅತ್ಯಲ್ಪ ಅಂಶ ಗ್ರಹದ ವಾಯುಮಂಡಲದ ಮೂಲಕ ಸೋಸಿಬರುತ್ತದೆ. ಒಂದೊಂದು ಅನಿಲವೂ ತನ್ನದೇ ಬಣ್ಣಗಳನ್ನು ಹೀರಿಕೊಂಡು ರೋಹಿತದಲ್ಲಿ ಗುರುತು ಬಿಡುತ್ತದೆ. ೧೯೯೦ರಲ್ಲಿ ಗೆಲಿಲಿಯೋ ನೌಕೆಯು ಗುರುವಿನತ್ತ ಸಾಗುವ ದಾರಿಯಲ್ಲಿ ಭೂಮಿಯ ಬಳಿ ಹಾದಾಗ ಕಾರ್ಲ್ ಸೇಗನ್ ಮತ್ತು ಸಂಗಡಿಗರು ಭೂಮಿಯನ್ನೇ ಅಪರಿಚಿತ ಗ್ರಹವೆಂದು ಭಾವಿಸಿ ಪರೀಕ್ಷಿಸಿದರು. ಹೇರಳವಾದ ಆಮ್ಲಜನಕವೂ ಅದರ ಜೊತೆಯಲ್ಲಿ ಮೀಥೇನೂ ಕಂಡವು. ಇವೆರಡೂ ಒಂದನ್ನೊಂದು ನಾಶಮಾಡುವ ಅನಿಲಗಳು. ಯಾರೋ ಸತತವಾಗಿ ತುಂಬುತ್ತಿದ್ದರೆ ಮಾತ್ರ ಒಟ್ಟಿಗೆ ಉಳಿಯಬಲ್ಲವು. ಆ ತುಂಬುವ ಕಾರ್ಯ ನಡೆಸುತ್ತಿರುವುದು ಇಲ್ಲಿನ ಜೀವರಾಶಿಯೇ. ಅನ್ಯಗ್ರಹಗಳಲ್ಲಿ ಹುಡುಕುವುದೂ ಇಂಥ ಅಸಹಜ ಜೋಡಿಗಳನ್ನೇ.

೧೨೪ ಜ್ಯೋತಿರ್ವರ್ಷದಾಚೆಯ ಸುದ್ದಿ

೨೦೨೧ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕವು ಈ ಓದಿಗೆ ಹೊಸ ಕಣ್ಣು ಕೊಟ್ಟಿದೆ. ‘ಕೆ೨-೧೮ ಬಿ’ ಎಂಬ ಗ್ರಹ ಭೂಮಿಯ ಎಂಟು ಪಟ್ಟಿಗೂ ಹೆಚ್ಚು ತೂಕದ್ದು. ೩೩ ದಿನಗಳಿಗೊಮ್ಮೆ ತನ್ನ ಕೆಂಪು ನಕ್ಷತ್ರವನ್ನು ಸುತ್ತುತ್ತದೆ. ಅಲ್ಲಿ ನೀರಾವಿ ಇದೆಯೆಂದು ೨೦೧೯ರಲ್ಲಿ ಹೇಳಲಾಗಿತ್ತು. ವೆಬ್ ೨೦೨೩ರಲ್ಲಿ ನೋಡಿದಾಗ ಮೀಥೇನೂ ಇಂಗಾಲದ ಡೈಆಕ್ಸೈಡೂ ಕಂಡವು. ಹಿಂದೆ ನೀರೆಂದು ತಿಳಿದುದು ಮೀಥೇನೇ ಇರಬೇಕೆಂಬ ಅಭಿಪ್ರಾಯ ಬಂದಿತು.

೨೦೨೫ರ ಏಪ್ರಿಲಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಭಾರತೀಯ ಮೂಲದ ವಿಜ್ಞಾನಿ ನಿಕ್ಕು ಮಧುಸೂದನ್ ಅವರ ತಂಡವು ಅಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಸಮೀಪದ ಅನಿಲದ ಸುಳಿವು ದೊರೆತಿದೆಯೆಂದು ಪ್ರಕಟಿಸಿತು. ನಮ್ಮ ಭೂಮಿಯಲ್ಲಿ ಅದನ್ನು ಬಹುಮಟ್ಟಿಗೆ ಉತ್ಪಾದಿಸುವುದು ಸಮುದ್ರದಲ್ಲಿ ತೇಲುವ ಸೂಕ್ಷ್ಮಜೀವಿಗಳು. ಜೀವ ಸಿಕ್ಕಿತೆಂದೇ ಅನೇಕ ಪತ್ರಿಕೆಗಳು ಸಾರಿದವು. ಆದರೆ ತಂಡವೇ ಹೇಳಿದಂತೆ ಆ ಗುರುತು ಆಕಸ್ಮಿಕವಾಗಿ ಮೂಡಿರುವ ಸಂಭವ ಸಾವಿರಕ್ಕೆ ಮೂರರಷ್ಟಿತ್ತು; ವಿಜ್ಞಾನವು ಶೋಧವೆಂದು ಒಪ್ಪಲು ಬಯಸುವ ಮಿತಿ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಅದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಿದ ಇತರ ತಂಡಗಳಿಗೆ ಆ ಸುಳಿವು ದೃಢವಾಗಿ ಕಾಣಲಿಲ್ಲ. ಮೇಲಾಗಿ ಅದೇ ಅನಿಲವು ನಿರ್ಜೀವ ಧೂಮಕೇತುವೊಂದರಲ್ಲಿಯೂ ಕಂಡುಬಂದಿದೆ. ಆದ್ದರಿಂದ ಅಲ್ಲಿ ಜೀವವಿದೆಯೆಂದು ಹೇಳಲು ಇಷ್ಟು ಸಾಕ್ಷ್ಯ ಸಾಲದು. ಇಲ್ಲವೆಂದು ಹೇಳಲೂ ಸಾಲದು.

ಈ ಮಾತಿನಿಂದ ಯಾರೂ ನಿರಾಶರಾಗಬೇಕಿಲ್ಲ. ಅನ್ಯಲೋಕದ ಸುದ್ದಿಯನ್ನು ಹಿಡಿದು ಮಕ್ಕಳು ಬಂದು ಕೇಳಿದಾಗ ಮನೆಯ ಹಿರಿಯರು ಮೂರು ಪ್ರಶ್ನೆಗಳನ್ನು ಅವರಿಗೆ ಕಲಿಸಿದರೆ ಸಾಕು. ಕಂಡದ್ದೇನು, ಊಹಿಸಿದ್ದೇನು? ಬೇರೊಬ್ಬರೂ ಬೇರೊಂದು ಉಪಕರಣದಿಂದ ಅದನ್ನು ಕಂಡಿದ್ದಾರೆಯೆ? ಜೀವವಿಲ್ಲದೆಯೂ ಅದು ಉಂಟಾಗಬಹುದೆ? ಪೆಗಾಸಿಯ ಗ್ರಹ ಈ ಪ್ರಶ್ನೆಗಳನ್ನು ದಾಟಿ ನಿಂತಿತು. ೧೯೬೩ರ ಬರ್ನಾರ್ಡ್ ಗ್ರಹ ದಾಟಲಿಲ್ಲ. ಮಾರುಕಟ್ಟೆಯ ಸುದ್ದಿಗೂ ಮದ್ದಿನ ಜಾಹೀರಾತಿಗೂ ಇದೇ ಒರೆಗಲ್ಲು ಸಲ್ಲುತ್ತದೆ.

ಇಂದಿನವರೆಗೆ ಎಣಿಸಿದ ಆರು ಸಾವಿರ ಲೋಕಗಳ ನಡುವೆ, ನೀರು ಹರಿದು, ಗಾಳಿ ಬೀಸಿ, ಜೀವವು ಉಸಿರಾಡುತ್ತಿದೆಯೆಂದು ನಿಸ್ಸಂಶಯವಾಗಿ ತಿಳಿದಿರುವುದು ಒಂದೇ ಲೋಕದಲ್ಲಿ. ಅದು ನಾವು ನಿಂತಿರುವ ಈ ನೆಲ. ಹುಡುಕಾಟ ಮುಂದುವರಿಯಲಿ, ಅಲ್ಲಿಯವರೆಗೆ ಇಲ್ಲಿನ ಕೆರೆಯನ್ನೂ ಮರವನ್ನೂ ಗಾಳಿಯನ್ನೂ ಕಾಪಾಡಿಕೊಳ್ಳುವ ಹೊಣೆ ನಮ್ಮ ಮೇಲೆಯೇ ಇದೆ.