ಎರಡು ಸಂತೆ, ಹಲವು ನುಡಿ: ಮೊಬೈಲ್ ಆ್ಯಪ್ ಮಳಿಗೆಗಳು ಮತ್ತು ಕೊಡಗಿನ ಜಾನಪದ ಸಂಗ್ರಹ

ಕನ್ನಡ ಜನಜೀವನದಲ್ಲಿ ಸಂತೆಯೆಂಬುದು ಸರಕನ್ನು ಕೊಡುಕೊಳ್ಳುವ ಬಯಲಷ್ಟೇ ಆಗಿ ಉಳಿದಿಲ್ಲ. ಸುದ್ದಿ, ಸಂಬಂಧ, ಹಾಡು, ಜಗಳ, ರಾಜಿ ಎಲ್ಲವೂ ಅಲ್ಲಿ ಕೈಯಿಂದ ಕೈಗೆ ದಾಟುತ್ತವೆ. ಜೊತೆಗೆ ಪ್ರತಿಯೊಂದು ಸಂತೆಗೂ ಒಡೆತನವಿದೆ, ಕಟ್ಟುಪಾಡಿದೆ, ಸುಂಕವಿದೆ. ಪಟ್ಟಣಸ್ವಾಮಿ, ಸುಂಕದ ಹೆಗ್ಗಡೆ ಮೊದಲಾದ ಅಧಿಕಾರಪದಗಳು ಶಾಸನಗಳಲ್ಲಿ ದೊರೆಯುತ್ತವೆ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬ ಹೆಸರೇ ಇದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯು ಕಟ್ಟೆಯ ಮುಂದೆ ನಿಂತ ಸಣ್ಣ ವ್ಯಾಪಾರಿಯ ಅನುಭವವನ್ನು ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ.

ಮೊಬೈಲ್ ಫೋನಿನೊಳಗಿನ ಆ್ಯಪ್ ಮಳಿಗೆಯು ಇಂದಿನ ಅಂಥದೊಂದು ಸಂತೆ. ಆ್ಯಪಲ್ ಸಂಸ್ಥೆಯ ಆ್ಯಪ್ ಸ್ಟೋರ್ ಮತ್ತು ಗೂಗಲ್ ಸಂಸ್ಥೆಯ ಪ್ಲೇ ಸ್ಟೋರ್ ಇವುಗಳಲ್ಲಿ ಪ್ರಧಾನವಾದವು. ಹಾಡು, ಗಾದೆ, ಶಬ್ದಕೋಶಗಳನ್ನು ಆ್ಯಪ್ ರೂಪದಲ್ಲಿ ಹೊರತರುವ ಪ್ರಯತ್ನಗಳು ಸಣ್ಣ ಭಾಷಾ ಸಮುದಾಯಗಳಲ್ಲಿಯೂ ನಡೆಯುತ್ತಿರುವುದರಿಂದ ಈ ಎರಡು ಮಳಿಗೆಗಳ ಕಟ್ಟುಪಾಡುಗಳನ್ನು ಅರಿಯುವುದು ಜಾನಪದ ಸಂಗ್ರಾಹಕರಿಗೂ ಅನಿವಾರ್ಯವಾಗಿದೆ. ಕೊಡಗಿನ ಅಮ್ಮತ್ತಿಯಂಥ ಬಹುಭಾಷಿಕ ಪರಿಸರವನ್ನು ಮುಂದಿಟ್ಟುಕೊಂಡು ಈ ಮಳಿಗೆಗಳನ್ನು ಹೋಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮ್ಮತ್ತಿಯ ಭಾಷಾ ಪರಿಸರ

ವಿರಾಜಪೇಟೆ ತಾಲ್ಲೂಕಿನ ಅಮ್ಮತ್ತಿಯು ವಿರಾಜಪೇಟೆ-ಸಿದ್ದಾಪುರ ರಸ್ತೆಯಲ್ಲಿರುವ ಊರು. ಸುತ್ತಲೂ ಕಾಫಿ ಮತ್ತು ಕರಿಮೆಣಸಿನ ತೋಟಗಳು. ಕೊಡವ, ಕನ್ನಡ, ಮಲಯಾಳಂ, ತುಳು, ತಮಿಳು ನುಡಿಗಳು ಇಲ್ಲಿ ಒಂದೇ ಅಂಗಡಿಯ ಮುಂದೆ ಕೇಳಿಬರುತ್ತವೆ. ತೋಟದ ಕೆಲಸದ ನೆಲೆಯಲ್ಲಿ ಯರವ, ಕುರುಬ ಸಮುದಾಯಗಳ ಮಾತುಗಳೂ, ಈಚಿನ ವರ್ಷಗಳಲ್ಲಿ ಅಸ್ಸಾಮಿನ ಕಡೆಯಿಂದ ಬಂದ ಕಾರ್ಮಿಕರ ಮಾತುಗಳೂ ಸೇರಿಕೊಂಡಿವೆ. 2011ರ ಜನಗಣತಿಯ ಪ್ರಕಾರ ಕೊಡವವನ್ನು ಮಾತೃಭಾಷೆಯೆಂದು ನಮೂದಿಸಿದವರು ದೇಶದಲ್ಲಿ 1,13,857 ಮಂದಿ. ಯುನೆಸ್ಕೊದ ಭಾಷಾ ಭೂಪಟವು ಕೊಡವವನ್ನು ಅಪಾಯದಲ್ಲಿರುವ ಭಾಷೆಗಳ ಸಾಲಿನಲ್ಲಿರಿಸಿದೆ.

ಕೊಡವ ಸಮಾಜದಲ್ಲಿ ಒಕ್ಕವು ಮೂಲಘಟಕ. ಐನ್‌ಮನೆ ಊರಿನಲ್ಲಿದ್ದರೂ ಒಕ್ಕದ ಸದಸ್ಯರು ಬೆಂಗಳೂರು, ಮೈಸೂರು ಹಾಗೂ ಹೊರದೇಶಗಳಲ್ಲಿ ಹಂಚಿಹೋಗಿದ್ದಾರೆ. ಭಾರತದ ಸ್ಮಾರ್ಟ್‌ಫೋನುಗಳಲ್ಲಿ ಬಹುಪಾಲು ಆಂಡ್ರಾಯ್ಡ್ ವ್ಯವಸ್ಥೆಯವು. ಹೊರದೇಶಗಳಲ್ಲಿ, ವಿಶೇಷವಾಗಿ ಅಮೆರಿಕದಲ್ಲಿ, ಐಫೋನಿನ ಬಳಕೆ ಅಧಿಕ. ಪುತ್ತರಿಯಂದು ದುಡಿ ಹಿಡಿದು ಹಾಡುವ ಪಾಟ್‌ಗಳನ್ನು ಆ್ಯಪ್ ಆಗಿಸಿ ಒಂದೇ ಮಳಿಗೆಯಲ್ಲಿಟ್ಟರೆ ಒಂದೇ ಒಕ್ಕದ ಅರ್ಧ ಜನರಿಗೆ ಅದು ತಲುಪದೆ ಹೋಗಬಹುದು. ಎರಡೂ ಮಳಿಗೆಗಳಲ್ಲಿ ಇಡುವುದೆಂದರೆ ಎರಡು ಬಗೆಯ ನಿಯಮಗಳಿಗೂ ಎರಡು ಬಗೆಯ ಖರ್ಚಿಗೂ ತಲೆಬಾಗಬೇಕು. ಮಳಿಗೆಗಳ ಹೋಲಿಕೆಯು ಜಾನಪದಕ್ಕೆ ಸಂಬಂಧಿಸಿದ ಪ್ರಶ್ನೆಯಾಗುವುದು ಇಲ್ಲಿ.

ಎರಡು ಮಳಿಗೆಗಳ ಹುಟ್ಟು

ಆ್ಯಪಲ್‌ನ ಆ್ಯಪ್ ಸ್ಟೋರ್ 2008ರ ಜುಲೈ 10ರಂದು ಸುಮಾರು 500 ಆ್ಯಪ್‌ಗಳೊಂದಿಗೆ ತೆರೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಐಫೋನ್ ಭಾರತದ ಮಾರುಕಟ್ಟೆಗೆ ಬಂದಿತು. ಗೂಗಲ್‌ನ ಮಳಿಗೆಯು ‘ಆಂಡ್ರಾಯ್ಡ್ ಮಾರ್ಕೆಟ್’ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 22ರಂದು ಆರಂಭವಾಗಿ, 2012ರ ಮಾರ್ಚ್‌ನಲ್ಲಿ ‘ಗೂಗಲ್ ಪ್ಲೇ’ ಎಂಬ ಹೆಸರನ್ನು ಪಡೆಯಿತು.

ಹುಟ್ಟಿನಲ್ಲಿಯೇ ಇವೆರಡರ ಸ್ವಭಾವ ಭಿನ್ನವಾಗಿತ್ತು. ಆ್ಯಪಲ್ ಸಂಸ್ಥೆಯು ಫೋನು, ಅದರ ಕಾರ್ಯಾಚರಣ ವ್ಯವಸ್ಥೆ ಮತ್ತು ಮಳಿಗೆ ಮೂರನ್ನೂ ತನ್ನ ಕೈಯಲ್ಲಿಯೇ ಇರಿಸಿಕೊಂಡಿತು. ಗೂಗಲ್ ತನ್ನ ವ್ಯವಸ್ಥೆಯನ್ನು ಹಲವು ತಯಾರಕರಿಗೆ ಬಿಟ್ಟುಕೊಟ್ಟು, ಮಳಿಗೆಯ ಮೂಲಕ ಹಿಡಿತವನ್ನು ಉಳಿಸಿಕೊಂಡಿತು. ಮೊದಲನೆಯದು ಕೋಟೆಯೊಳಗಣ ಪೇಟೆ, ಬಾಗಿಲೊಂದೇ. ಎರಡನೆಯದು ಬಯಲಿನ ಸಂತೆ. ದೊಡ್ಡ ದಾರಿ ಒಂದಾದರೂ ಕಾಲುದಾರಿಗಳುಂಟು.

ಪ್ರವೇಶ ಮತ್ತು ಪರಿಶೀಲನೆ

ಆ್ಯಪಲ್ ಮಳಿಗೆಯಲ್ಲಿ ಆ್ಯಪ್ ಇರಿಸಬಯಸುವವರು ವರ್ಷಕ್ಕೆ 99 ಡಾಲರ್ ಸದಸ್ಯತ್ವ ಶುಲ್ಕ ತೆರಬೇಕು. ಗೂಗಲ್ ಒಂದೇ ಸಲ 25 ಡಾಲರ್ ನೋಂದಣಿ ಶುಲ್ಕವನ್ನು ಪಡೆಯುತ್ತದೆ. ಹತ್ತು ವರ್ಷಗಳ ಲೆಕ್ಕ ಹಾಕಿದರೆ ಒಂದರಲ್ಲಿ 990 ಡಾಲರ್, ಇನ್ನೊಂದರಲ್ಲಿ 25 ಡಾಲರ್. ಉಚಿತ ಶಬ್ದಕೋಶವನ್ನು ಹೊರತರುವ ಸಣ್ಣ ಸಂಘಕ್ಕೆ ಈ ಅಂತರವು ನಿರ್ಣಾಯಕ.

ಆ್ಯಪಲ್ ಸಂಸ್ಥೆಯು ಪ್ರತಿಯೊಂದು ಆ್ಯಪನ್ನು ಪ್ರಕಟಣೆಗೆ ಮುನ್ನ ಪರಿಶೀಲಿಸುವ ಪದ್ಧತಿಯನ್ನು ಮೊದಲಿನಿಂದಲೂ ಅನುಸರಿಸಿದೆ. ಗೂಗಲ್ ಆರಂಭದಲ್ಲಿ ಮುಕ್ತ ಪ್ರವೇಶ ನೀಡಿ, 2015ರ ಮಾರ್ಚ್‌ನಲ್ಲಿ ತಾನೂ ಪ್ರಕಟಣಪೂರ್ವ ಪರಿಶೀಲನೆ ಕೈಗೊಂಡಿರುವುದಾಗಿ ತಿಳಿಸಿತು. 2023ರ ನವೆಂಬರ್‌ನಲ್ಲಿ ಗೂಗಲ್ ತಂದ ನಿಯಮದಂತೆ, ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು 20 ಮಂದಿಯಿಂದ ಸತತ 14 ದಿನ ಆ್ಯಪನ್ನು ಪರೀಕ್ಷೆಗೊಳಪಡಿಸಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ಈ ಸಂಖ್ಯೆಯನ್ನು 12ಕ್ಕೆ ಇಳಿಸಲಾಯಿತು. ಮಹಾನಗರದ ತಂತ್ರಜ್ಞನಿಗೆ ಇದು ಸಣ್ಣ ಮಾತು. ಯರವರ ಹಾಡುಗಳನ್ನು ಸಂಗ್ರಹಿಸುವ ಒಬ್ಬ ಸಂಶೋಧಕನಿಗಾದರೋ, ಆ ನುಡಿಯನ್ನು ಬಲ್ಲ, ಫೋನು ಹೊಂದಿರುವ, ಎರಡು ವಾರ ಜೊತೆಗಿರುವ ಹನ್ನೆರಡು ಮಂದಿಯನ್ನು ಒಗ್ಗೂಡಿಸುವುದು ಕ್ಷೇತ್ರಕಾರ್ಯದಷ್ಟೇ ಶ್ರಮದ ಕೆಲಸವಾಗಬಲ್ಲದು.

ಕಾಲುದಾರಿಯ ವಿಷಯದಲ್ಲಿಯೂ ವ್ಯತ್ಯಾಸವಿದೆ. ಆಂಡ್ರಾಯ್ಡ್ ಫೋನಿನಲ್ಲಿ ಮಳಿಗೆಯ ಹೊರಗಿನಿಂದಲೂ ಆ್ಯಪ್ ಕಡತವನ್ನು ಪಡೆದು ಸ್ಥಾಪಿಸಿಕೊಳ್ಳುವ ಅವಕಾಶವುಂಟು. 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ ಭಂಡಾರವು ಈ ಅವಕಾಶದಿಂದಲೇ ಬೆಳೆದದ್ದು. ಆದರೆ ಗುರುತು ಪರಿಶೀಲಿಸಿಕೊಳ್ಳದ ತಯಾರಕರ ಆ್ಯಪ್‌ಗಳಿಗೆ ನಿರ್ಬಂಧ ವಿಧಿಸುವ ಯೋಜನೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿರುವುದರಿಂದ ಈ ದಾರಿಯೂ ಕಿರಿದಾಗುವ ಸೂಚನೆಯಿದೆ. ಐಫೋನಿನಲ್ಲಿ ಇತರ ಮಳಿಗೆಗಳಿಗೆ ಬಹುಕಾಲ ಎಡೆಯೇ ಇರಲಿಲ್ಲ. ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯಿದೆಯ ಫಲವಾಗಿ 2024ರ ಮಾರ್ಚ್‌ನಿಂದ ಆ ದೇಶಗಳಲ್ಲಿ ಪರ್ಯಾಯ ಮಳಿಗೆಗಳಿಗೆ ಅನುಮತಿ ದೊರೆಯಿತು.

ಸುಂಕ

ಆರಂಭದಲ್ಲಿ ಎರಡೂ ಮಳಿಗೆಗಳ ಪಾಲು ಶೇಕಡ 30 ಆಗಿತ್ತು. ನೂರು ರೂಪಾಯಿಯ ಮಾರಾಟದಲ್ಲಿ ಮೂವತ್ತು ಮಳಿಗೆಗೆ, ಎಪ್ಪತ್ತು ತಯಾರಕನಿಗೆ. 2021ರ ಜನವರಿಯಿಂದ ಆ್ಯಪಲ್ ಸಂಸ್ಥೆಯು ವಾರ್ಷಿಕ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ಆದಾಯದ ತಯಾರಕರಿಗೆ ಇದನ್ನು ಶೇಕಡ 15ಕ್ಕೆ ಇಳಿಸಿತು. ಅದೇ ವರ್ಷದ ಜುಲೈಯಿಂದ ಗೂಗಲ್ ಪ್ರತಿ ತಯಾರಕನ ಮೊದಲ ಹತ್ತು ಲಕ್ಷ ಡಾಲರ್ ಆದಾಯಕ್ಕೆ ಇದೇ ದರವನ್ನು ಅನ್ವಯಿಸಿತು. ಸ್ಪರ್ಧಿಗಳೆನಿಸಿದ ಎರಡು ಸಂತೆಗಳ ಸುಂಕವು ಬಹುಮಟ್ಟಿಗೆ ಒಂದೇ ಆಗಿದ್ದುದು ಗಮನಾರ್ಹ.

ಭಾರತದಲ್ಲಿ ಈ ಅಧಿಕಾರವು ಪ್ರಶ್ನೆಗೊಳಗಾಗಿದೆ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಎರಡು ಆದೇಶಗಳ ಮೂಲಕ ಗೂಗಲ್‌ಗೆ 1,337.76 ಕೋಟಿ ಮತ್ತು 936.44 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಮೊದಲನೆಯದು ಆಂಡ್ರಾಯ್ಡ್ ಫೋನುಗಳಲ್ಲಿನ ಪ್ರಾಬಲ್ಯಕ್ಕೆ, ಎರಡನೆಯದು ಪ್ಲೇ ಸ್ಟೋರಿನ ಪಾವತಿ ನಿಯಮಗಳಿಗೆ ಸಂಬಂಧಿಸಿದ್ದು. ಮೇಲ್ಮನವಿ ನ್ಯಾಯಮಂಡಳಿಯು 2023ರ ಮಾರ್ಚ್‌ನಲ್ಲಿ ಮೊದಲ ದಂಡವನ್ನು ಎತ್ತಿಹಿಡಿದರೂ, ಪ್ಲೇ ಸ್ಟೋರಿನೊಳಗೆ ಇತರ ಮಳಿಗೆಗಳಿಗೂ ಜಾಗ ಕೊಡಬೇಕೆಂಬ ನಿರ್ದೇಶನವನ್ನು ತೆಗೆದುಹಾಕಿತು. 2025ರ ಮಾರ್ಚ್‌ನಲ್ಲಿ ಎರಡನೆಯ ದಂಡವನ್ನು 216.69 ಕೋಟಿಗೆ ಇಳಿಸಿತು. ಇವೆರಡರ ನಡುವೆ, 2024ರ ಮಾರ್ಚ್ 1ರಂದು, ಶುಲ್ಕದ ವಿವಾದದಲ್ಲಿ ಗೂಗಲ್ ಹಲವು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಮಳಿಗೆಯಿಂದ ತೆಗೆದು, ಸರ್ಕಾರದ ಮಧ್ಯಪ್ರವೇಶದ ಬಳಿಕ ಕೆಲವೇ ದಿನಗಳಲ್ಲಿ ಮರಳಿ ಸೇರಿಸಿತು. ದೊಡ್ಡ ಕಂಪನಿಗಳ ಅಹವಾಲಿಗೆ ಮಂತ್ರಿಗಳು ಕಿವಿಗೊಟ್ಟರು. ಹಾಡಿನ ಆ್ಯಪೊಂದು ಹಾಗೆ ಮರೆಯಾದರೆ ಕೇಳುವವರು ಯಾರೆಂಬುದು ಉಳಿಯುವ ಪ್ರಶ್ನೆ.

ನುಡಿಯ ನೆಲೆ

ಕನ್ನಡಕ್ಕೆ ಈ ಎರಡು ವ್ಯವಸ್ಥೆಗಳಲ್ಲಿ ಸ್ಥಾನ ದೊರೆತದ್ದು ಬೇರೆಬೇರೆ ಕಾಲದಲ್ಲಿ. ಆಂಡ್ರಾಯ್ಡ್ 2012ರ 4.1ನೆಯ ಆವೃತ್ತಿಯಲ್ಲಿ ಕನ್ನಡ ಅಕ್ಷರಗಳನ್ನು ಸರಿಯಾಗಿ ಮೂಡಿಸುವ ಸೌಲಭ್ಯವನ್ನೂ, 2014ರ 5.0 ಆವೃತ್ತಿಯಲ್ಲಿ ಕನ್ನಡದ ಪರದೆ ಭಾಷೆಯನ್ನೂ ಒದಗಿಸಿತು. ಐಫೋನಿನಲ್ಲಿ ಆ್ಯಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ 11ನೆಯ ಆವೃತ್ತಿಯಲ್ಲಿ. ಪ್ಲೇ ಸ್ಟೋರಿನಲ್ಲಿ ಆ್ಯಪಿನ ಪರಿಚಯವನ್ನು ಕನ್ನಡದಲ್ಲಿಯೇ ದಾಖಲಿಸಲು ಅವಕಾಶವಿದ್ದಾಗಲೂ, ಆ್ಯಪಲ್ ಮಳಿಗೆಯ ಪಟ್ಟಿಯಲ್ಲಿ ಹಲವು ವರ್ಷಗಳವರೆಗೆ ಭಾರತೀಯ ಭಾಷೆಗಳ ಪೈಕಿ ಹಿಂದಿಯೊಂದೇ ಇತ್ತು.

ಕೊಡವದ ಸ್ಥಿತಿ ಇನ್ನೂ ಸೂಕ್ಷ್ಮವಾದದ್ದು. ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಯಿರುವುದರಿಂದ ಅಕ್ಷರಗಳ ತೊಡಕು ಕಡಿಮೆ. ಅಂತರರಾಷ್ಟ್ರೀಯ ಭಾಷಾಸಂಕೇತಗಳ ಪಟ್ಟಿಯಲ್ಲಿ ‘ಕೆ.ಎಫ್.ಎ.’ ಎಂಬ ಗುರುತೂ ಅದಕ್ಕುಂಟು. ಹಾಗಿದ್ದರೂ ಮಳಿಗೆಗಳ ಭಾಷಾಪಟ್ಟಿಯಲ್ಲಿ ಅದು ಸೇರಿಲ್ಲದ ಕಾರಣ ಕೊಡವ ಶಬ್ದಕೋಶವು ಕನ್ನಡದ ಅಥವಾ ಇಂಗ್ಲಿಷಿನ ಹೆಸರಿನಡಿ ನಿಲ್ಲಬೇಕಾಗುತ್ತದೆ. 2024ರ ಫೆಬ್ರವರಿಯಲ್ಲಿ ಫೋನ್‌ಪೇ ಸಂಸ್ಥೆಯು ಆರಂಭಿಸಿದ ಇಂಡಸ್ ಆ್ಯಪ್‌ಸ್ಟೋರ್ ಕನ್ನಡವೂ ಸೇರಿದಂತೆ 12 ಭಾರತೀಯ ಭಾಷೆಗಳಲ್ಲಿ ಮಳಿಗೆಯನ್ನು ತೆರೆದದ್ದು ಮಹತ್ವದ ಹೆಜ್ಜೆ. ಅದು ಕೂಡ ಆಂಡ್ರಾಯ್ಡ್ ಫೋನುಗಳಿಗೆ ಸೀಮಿತವಾದದ್ದು. ದೊಡ್ಡ ಭಾಷೆಗಳ ಆಚೆಗಿನ ನುಡಿಗಳು ಅಲ್ಲಿಯೂ ಹೊಸ್ತಿಲ ಹೊರಗಿವೆ.

ಬಾಳಿಕೆ

ಜಾನಪದ ಸಂಗ್ರಹದ ದೃಷ್ಟಿಯಿಂದ ಅತ್ಯಂತ ಗಂಭೀರವಾದ ಅಂಶ ಬಾಳಿಕೆಯದು. ಆ್ಯಪಲ್ ಮಳಿಗೆಯಲ್ಲಿ ವಾರ್ಷಿಕ ಸದಸ್ಯತ್ವ ನವೀಕರಿಸದಿದ್ದರೆ ಆ್ಯಪ್ ಹೊಸಬರಿಗೆ ದೊರೆಯದು. 2016ರಿಂದ ಆ ಸಂಸ್ಥೆಯು ಕೆಲಸಮಾಡದ, ಬಹುಕಾಲ ಪರಿಷ್ಕರಣಗೊಳ್ಳದ ಆ್ಯಪ್‌ಗಳನ್ನು ತೆಗೆದುಹಾಕುವ ಕ್ರಮವನ್ನೂ ಕೈಗೊಂಡಿತು. 2017ರಲ್ಲಿ ಐಫೋನಿನ 11ನೆಯ ಆವೃತ್ತಿಯು ಹಳೆಯ 32-ಬಿಟ್ ಆ್ಯಪ್‌ಗಳಿಗೆ ಬೆಂಬಲವನ್ನು ಪೂರ್ತಿಯಾಗಿ ನಿಲ್ಲಿಸಿತು. ಗೂಗಲ್ 2022ರಲ್ಲಿ ಪ್ರಕಟಿಸಿದ ನಿಯಮದಂತೆ, ಈಚಿನ ಆವೃತ್ತಿಗಳಿಗೆ ಹೊಂದಿಸದ ಆ್ಯಪ್‌ಗಳು ಹೊಸ ಫೋನುಗಳವರ ಕಣ್ಣಿಗೆ ಬೀಳುವುದಿಲ್ಲ. ದಾರಿ ಬೇರೆಯಾದರೂ ಪರಿಣಾಮ ಒಂದೇ: ಪೋಷಕರಿಲ್ಲದ ಆ್ಯಪ್ ಮರೆಯಾಗುತ್ತದೆ.

ಕೆಲವೊಮ್ಮೆ ಸಂತೆಯೇ ಎದ್ದುಹೋಗುವುದೂ ಉಂಟು. ನೋಕಿಯಾ 2009ರಲ್ಲಿ ತೆರೆದ ಓವಿ ಸ್ಟೋರ್ ಇಂದಿಲ್ಲ. ವಿಂಡೋಸ್ ಫೋನ್ 8.1ರ ಮಳಿಗೆ ಮತ್ತು ಬ್ಲ್ಯಾಕ್‌ಬೆರಿ ವರ್ಲ್ಡ್ ಎರಡೂ 2019ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಸರ್ಕಾರದ ಆದೇಶವೂ ಆ್ಯಪನ್ನು ಮರೆಮಾಡಬಲ್ಲದು. 2020ರ ಜೂನ್ 29ರಂದು ಕೇಂದ್ರ ಸರ್ಕಾರವು 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಎರಡೂ ಮಳಿಗೆಗಳಿಂದ ಮರೆಯಾಯಿತು. ಅದರಲ್ಲಿ ಹಳ್ಳಿಯವರು ಹಾಡಿ ಕುಣಿದಿದ್ದ ದೃಶ್ಯಗಳು ದೇಶದೊಳಗಿನ ನೋಡುಗರ ಕೈಗೆ ಸಿಗದಾದವು. ನಿಷೇಧದ ಕಾರಣಗಳು ಏನೇ ಇರಲಿ, ಬೇರೆ ಪ್ರತಿ ಇಟ್ಟುಕೊಳ್ಳದ ಕಲಾವಿದರ ಪಾಲಿಗೆ ಅದು ಸಂಗ್ರಹದ ನಷ್ಟ.

ಇದಕ್ಕೆ ಎದುರಾಗಿ ಮುದ್ರಿತ ಗ್ರಂಥವನ್ನು ಇಟ್ಟು ನೋಡಬಹುದು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನೂ ಸಂಪ್ರದಾಯಗಳನ್ನೂ ಸಂಗ್ರಹಿಸಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ್ದು 1924ರಲ್ಲಿ. ಅದರ ಇಂಗ್ಲಿಷ್ ಅನುವಾದ 2003ರಲ್ಲಿ ಹೊರಬಂದಿತು. ನೂರು ವರ್ಷ ಕಳೆದರೂ ಆ ಪುಸ್ತಕವನ್ನು ತೆರೆದು ಓದಲು ಯಾರ ಅನುಮತಿಯೂ ಬೇಕಿಲ್ಲ. ಹತ್ತು ವರ್ಷಗಳ ಹಿಂದಿನ ಆ್ಯಪಿನ ವಿಷಯದಲ್ಲಿ ಹೀಗೆ ಹೇಳಲಾಗದು.

ಸಮಾರೋಪ

ಎರಡು ಮಳಿಗೆಗಳನ್ನು ಹೋಲಿಸಿದಾಗ ಖರ್ಚು, ಕನ್ನಡದ ಸೌಲಭ್ಯ ಮತ್ತು ಪರ್ಯಾಯ ದಾರಿಗಳ ದೃಷ್ಟಿಯಿಂದ ಆಂಡ್ರಾಯ್ಡ್ ಕಡೆಯ ವ್ಯವಸ್ಥೆಯು ಸಣ್ಣ ಸಮುದಾಯಗಳಿಗೆ ಹೆಚ್ಚು ಸುಲಭವಾದದ್ದೆಂದು ತಿಳಿದುಬರುತ್ತದೆ. ಹೊರನಾಡಿನ ಬಂಧುಗಳನ್ನು ತಲುಪಲು ಆ್ಯಪಲ್ ಮಳಿಗೆಯನ್ನೂ ಬಿಡುವಂತಿಲ್ಲ. ಬಾಳಿಕೆಯ ವಿಷಯದಲ್ಲಿ ಮಾತ್ರ ಎರಡನ್ನೂ ನೆಚ್ಚಲಾಗದು.

ಕೊಡವರ ಮಂದ್ ಊರಿನ ಸಮುದಾಯದ ಬಯಲು. ಅಲ್ಲಿ ಕುಣಿಯಲು ಸುಂಕವಿಲ್ಲ. ವರ್ಷಕ್ಕೊಮ್ಮೆ ಸೇರಿದರೂ ಅದು ಅಲ್ಲಿಯೇ ಇರುತ್ತದೆ. ಜಾನಪದ ಸಂಗ್ರಹಕ್ಕೆ ಬೇಕಾದದ್ದು ಅಂಥ ನೆಲೆ. ಆದುದರಿಂದ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಹಾಗೂ ಗ್ರಂಥಾಲಯಗಳು ಆ್ಯಪ್ ಯೋಜನೆಗಳಿಗೆ ನೆರವು ನೀಡುವಾಗ ಮೂರು ಅಂಶಗಳನ್ನು ಕಡ್ಡಾಯಗೊಳಿಸುವುದು ಉಚಿತ. ಮೂಲ ಧ್ವನಿಮುದ್ರಣ ಮತ್ತು ಪಠ್ಯವನ್ನು ಯುನಿಕೋಡ್ ಹಾಗೂ ಮುಕ್ತ ಕಡತರೂಪಗಳಲ್ಲಿ ಮಳಿಗೆಯ ಹೊರಗೆ ಠೇವಣಿ ಇಡಬೇಕು. ಆ್ಯಪಿನ ಖಾತೆಯು ವ್ಯಕ್ತಿಯ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರಬೇಕು. ನವೀಕರಣದ ವೆಚ್ಚವನ್ನು ಯೋಜನೆಯ ಆರಂಭದಲ್ಲಿಯೇ ಕಾದಿರಿಸಬೇಕು. ಸಂತೆಗೆ ಒಯ್ಯುವುದು ಕಣಜದ ಒಂದು ಪಾಲನ್ನು. ಬಿತ್ತನೆಯ ಬೀಜವನ್ನು ಮನೆಯಲ್ಲಿಯೇ ಉಳಿಸಿಕೊಳ್ಳುವ ರೈತನ ವಿವೇಕವು ಸಂಗ್ರಾಹಕನಿಗೂ ಇರಬೇಕಾಗುತ್ತದೆ.