ಹೆಸರಿನ ಭಾರ

ಯುದ್ಧದಲ್ಲಿ ಸೆರೆಸಿಕ್ಕ ಯೋಧನು ತನ್ನನ್ನು ಹಿಡಿದವರಿಗೆ ಹೇಳಬೇಕಾದುದು ನಾಲ್ಕೇ ಸಂಗತಿ: ಹೆಸರು, ದರ್ಜೆ, ಸೇನಾಸಂಖ್ಯೆ, ಜನ್ಮದಿನ. 1949ರ ಆಗಸ್ಟ್ ತಿಂಗಳಲ್ಲಿ ಜಿನೀವಾದಲ್ಲಿ ಕಲೆತ ರಾಷ್ಟ್ರಗಳು ಒಪ್ಪಿಕೊಂಡ ಈ ಕಟ್ಟಳೆಯು ಬಹುಮಂದಿಯ ಪಾಲಿಗೆ ಕವಚವೇ ಸರಿ. ಆ ನಾಲ್ಕರಿಂದ ವೈರಿಗೆ ಒದಗುವ ಲಾಭ ಅತ್ಯಲ್ಪವಷ್ಟೆ. ಆದರೆ 1965ರ ಸೆಪ್ಟೆಂಬರ್ 22ರಂದು ಪಂಜಾಬಿನ ಗಡಿಯಾಚೆ ನೆಲಕ್ಕಿಳಿದ, 27 ವರ್ಷದ ಕೊಡಗಿನ ತರುಣನೊಬ್ಬನಿಗೆ ಮೊದಲನೆಯ ಉತ್ತರವೇ ತನ್ನ ಮನೆತನವನ್ನೆಲ್ಲ ಬಯಲಿಗಿಡುವಂಥದಾಯಿತು. ಆತನ ಹೆಸರು ಕಾರ್ಯಪ್ಪ.

ಕೆ.ಸಿ. ಕಾರ್ಯಪ್ಪ, ಬಲ್ಲವರಿಗೆ ‘ನಂದಾ’, ಭಾರತೀಯ ವಾಯುಪಡೆಯ 20ನೆಯ ಸ್ಕ್ವಾಡ್ರನ್ನಿನಲ್ಲಿ ಹಂಟರ್ ಯುದ್ಧವಿಮಾನವನ್ನು ನಡೆಸುತ್ತಿದ್ದರು. ಶತ್ರುನೆಲೆಗಳ ಮೇಲೆ ತೀರ ಕೆಳಮಟ್ಟದಲ್ಲಿ ಎರಗಿದ ಅವರ ವಿಮಾನಕ್ಕೆ ನೆಲದಿಂದ ಹಾರಿಬಂದ ಗುಂಡು ತಗುಲಿ ಉರಿ ಹತ್ತಲು, ಆಸನಸಮೇತ ಹೊರಚಿಮ್ಮುವುದಲ್ಲದೆ ಬೇರೆ ಗತಿಯಿರಲಿಲ್ಲ. ಪ್ರಾಣವುಳಿಯಿತು, ಆದರೆ ಬೆನ್ನೆಲುಬಿಗೆ ಪೆಟ್ಟಾಯಿತು. ಏಳಲಾರದ ಸ್ಥಿತಿಯಲ್ಲಿ ಅವರು ಪಾಕಿಸ್ತಾನದ ಸೈನಿಕರ ವಶವಾದರು. ವಿಧಿಯ ವಿನೋದವೆನ್ನಬೇಕು, ಮರುದಿನ ನಸುಕಿನ ಮೂರೂವರೆ ಗಂಟೆಗೆ ಕದನವಿರಾಮವು ಜಾರಿಗೆ ಬಂದಿತು.

ಸೆರೆಯಾಳಿನ ಹೆಸರು ಕೇಳಿದೊಡನೆ ಆಚೆಯವರಿಗೆ ತಂದೆಯ ನೆನಪಾದುದು ಸಹಜವೇ. ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತದ ಸೈನ್ಯಕ್ಕೆ ಪ್ರಥಮ ಭಾರತೀಯ ಮಹಾದಂಡನಾಯಕರಾದವರು; ದೇಶವಿಭಜನೆಗೆ ಮುನ್ನ, 1946ರಲ್ಲಿ, ವಾಯವ್ಯ ಗಡಿಯ ಬ್ರಿಗೇಡೊಂದನ್ನು ಆಳಿದವರು. ಆಗ ಅವರ ಕೈಕೆಳಗಿದ್ದ ಅಧಿಕಾರಿಗಳಲ್ಲಿ ಅಯೂಬ್ ಖಾನರೂ ಒಬ್ಬರು. ಹತ್ತೊಂಬತ್ತು ವರ್ಷ ಕಳೆಯುವಷ್ಟರಲ್ಲಿ ಅಂದಿನ ಅಧೀನಾಧಿಕಾರಿಯು ಪಾಕಿಸ್ತಾನದ ಫೀಲ್ಡ್ ಮಾರ್ಷಲನೂ ರಾಷ್ಟ್ರಾಧ್ಯಕ್ಷನೂ ಆಗಿದ್ದನು. ಅಂದಿನ ಮೇಲಧಿಕಾರಿಯು ಮಡಿಕೇರಿಯ ‘ರೋಶನಾರಾ’ ಎಂಬ ಮನೆಯಲ್ಲಿ ನಿವೃತ್ತ ಜನರಲ್ಲಾಗಿ ನೆಲೆಸಿದ್ದರು.

ರೇಡಿಯೋ ಪಾಕಿಸ್ತಾನವು ನಂದಾ ಸೆರೆಸಿಕ್ಕ ವಾರ್ತೆಯನ್ನು ಬಿತ್ತರಿಸಿತು. ಹಳೆಯ ಸಖ್ಯವನ್ನು ನೆನೆದ ಅಯೂಬ್ ಖಾನರು, ಮಗನು ಕ್ಷೇಮದಿಂದಿರುವನೆಂದೂ, ತಂದೆಯು ಬಯಸಿದರೆ ಅವನನ್ನು ಬಿಟ್ಟುಕಳುಹಿಸಲಾಗುವುದೆಂದೂ ಹೇಳಿಕಳುಹಿಸಿದರು. ಕಾರ್ಯಪ್ಪನವರು ಕೊಟ್ಟ ಮಾರುತ್ತರವು ಹೇಳುವವರ ಬಾಯಲ್ಲಿ ಬಗೆಬಗೆಯ ರೂಪ ತಳೆದಿದೆಯಾದರೂ ಅದರ ಸಾರ ಒಂದೇ: ಸೆರೆಯಲ್ಲಿರುವವರೆಲ್ಲರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಒಬ್ಬನಿಗೆಂದು ವಿಶೇಷ ಬೇಡ.

ಈ ಮಾತು ಒಂದು ಗಳಿಗೆಯ ಆವೇಶದಲ್ಲಿ ಹುಟ್ಟಿದುದಲ್ಲ. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು, ಬ್ರಿಟಿಷ್ ದೊರೆಯ ಸನ್ನದನ್ನು ಗಳಿಸಿದ ಭಾರತೀಯರ ಮೊದಲ ತಂಡದಲ್ಲಿ ಹೊರಬಂದ ಕಾರ್ಯಪ್ಪನವರು, ಬಿಳಿಯರಿಗೊಂದು ಅಳತೆ, ನಮ್ಮವರಿಗೊಂದು ಅಳತೆಯಿದ್ದ ಸೈನ್ಯದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದವರು. ಭೇದದ ಕಹಿಯನ್ನುಂಡವರಿಗೆ ತಮ್ಮ ಮನೆಯವನ ಸಲುವಾಗಿ ಅದೇ ಭೇದವನ್ನು ಕೈಯಾರೆ ಬೆಳೆಸುವುದು ಹೇಗೆ ಸಾಧ್ಯ? ಜಿನೀವಾದ ಕಟ್ಟಳೆಯಾದರೂ ಸೆರೆಯಾಳನ್ನು ಕುಲಗೋತ್ರಗಳಿಂದ ಅಳೆಯಬೇಕೆಂದು ಹೇಳಿಲ್ಲ. ಮಗನು ನಿಯಮದಂತೆ ಹೆಸರನ್ನು ಹೇಳಿದನು. ತಂದೆಯು ಆ ಹೆಸರಿಗೆ ಅಂಟಿಕೊಂಡಿದ್ದ ತೂಕವನ್ನು ಇಳಿಸಿಬಿಟ್ಟರು.

ಬಿಡುಗಡೆಯು ಬಂದುದು ರಾಜಕಾರಣದ ದಾರಿಯಿಂದ. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಭಾರತದ ಪ್ರಧಾನಿ ಶಾಸ್ತ್ರಿಯವರೂ ಅಯೂಬ್ ಖಾನರೂ ರುಜುಹಾಕಿದ ಘೋಷಣೆಯಲ್ಲಿ ಯುದ್ಧಕೈದಿಗಳನ್ನು ಮರಳಿಸುವ ಮಾತೂ ಸೇರಿದ್ದಿತು. ಅಂದಿನ ರಾತ್ರಿ ಕಳೆಯುವ ಮುನ್ನವೇ ಶಾಸ್ತ್ರಿಯವರು ತೀರಿಕೊಂಡರು. ಅವರ ಕೊನೆಯ ಸಹಿಯ ಫಲವಾಗಿ, ನಾಲ್ಕು ತಿಂಗಳ ಸೆರೆವಾಸವನ್ನು ಮುಗಿಸಿದ ನಂದಾ ಅದೇ ಜನವರಿಯಲ್ಲಿ ಸಂಗಡಿಗರೊಡನೆ ತಾಯ್ನಾಡಿಗೆ ಬಂದರು. ಮುಂದೆ 1971ರ ಯುದ್ಧದಲ್ಲಿ ಅವರು ಪೂರ್ವರಂಗದಲ್ಲಿ ಹೆಲಿಕಾಪ್ಟರ್ ಪಡೆಯೊಂದರ ಮುಖ್ಯಸ್ಥರಾಗಿದ್ದರು. ಕಡೆಗೆ ಏರ್ ಮಾರ್ಷಲ್ ದರ್ಜೆಯಿಂದ ನಿವೃತ್ತರಾಗಿ, ತಂದೆಯ ಜೀವನಚರಿತ್ರೆಯನ್ನೂ ಬರೆದರು. ತಂದೆಗೆ ಫೀಲ್ಡ್ ಮಾರ್ಷಲ್ ಪದವಿಯು ಸಂದುದು 1986ರಲ್ಲಿ, ಎಂಬತ್ತೇಳರ ಇಳಿವಯಸ್ಸಿನಲ್ಲಿ.

ಆ ಚಳಿಗಾಲದಲ್ಲಿ ಗಡಿದಾಟಿ ಮರಳಿದವರ ಪೈಕಿ ನಾಡಿನ ನೆನಪಿನಲ್ಲಿ ನಿಂತುದು ಈ ಒಂದೇ ಹೆಸರು. ಮಡಿಕೇರಿಯ ಆ ಮುದುಕರು ಮಾರುತ್ತರವನ್ನು ಕಳುಹಿಸಿದ್ದುದು ಮಾತ್ರ, ನಾವು ಮರೆತ ಉಳಿದ ಹೆಸರುಗಳಿಗಾಗಿ.